ಷೇರು ಬೇರೆ, ಜಾಮೀನು ಬೇರೆ

ನಮ್ಮದು ಚಳ್ಳಕೆರೆ ಕಡೆ ಮಳೆ ನಂಬಿದ ಐದೆಕರೆ ಕೆಂಪು ನೆಲ. ಶೇಂಗಾ, ತೊಗರಿ ಬೆಳೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕೋರ್ಟಿನ ವಿಷಯ ಬರೆಯುತ್ತಿರುವುದಕ್ಕೆ ಕಾರಣ, ತಿಳಿಯದೆ ನಾನು ಮಾಡಿಕೊಂಡ ನಷ್ಟ.

ನಮ್ಮ ರೈತ ಉತ್ಪಾದಕರ ಕಂಪನಿಯಲ್ಲಿ ನನ್ನದು ಸಾವಿರ ರೂಪಾಯಿ ಷೇರು. ಕಂಪನಿ ವ್ಯಾಪಾರಿಯೊಬ್ಬರಿಂದ ಗೊಬ್ಬರ ಉದ್ದರಿ ತಂದು ಹಣ ಕಟ್ಟಲಿಲ್ಲ. 2022ರಲ್ಲಿ ಅವರು ದಾವೆ ಹಾಕಿದರು. "ಷೇರು ಇದ್ದವರ ಹೊಲ, ಎತ್ತು ಎಲ್ಲಾ ಜಪ್ತಿ ಆಗ್ತವಂತೆ" ಅಂತ ಊರಲ್ಲಿ ಸುದ್ದಿ ಹಬ್ಬಿತು. ನಾನು ಹೆದರಿ ಎತ್ತಿನ ಜೋಡಿಯನ್ನು ಸಿಕ್ಕ ಬೆಲೆಗೆ ಮಾರಿಬಿಟ್ಟೆ. ಆಮೇಲೆ ವಕೀಲರ ಹತ್ತಿರ ಹೋದೆ. "ಯಜಮಾನ್ರೇ, ಮೊದಲು ಕೇಳೋದಲ್ವಾ? ಎತ್ತು ಯಾಕೆ ಮಾರಿದ್ರಿ?" ಅಂದರು. ಅವರು ತಿಳಿಸಿದ್ದು ಇಷ್ಟು.

ಷೇರಿನ ಹೊಣೆ: ಕಂಪನಿ ಕಾನೂನಿನಲ್ಲಿ ಬೇರೆಯೇ ಒಬ್ಬ ವ್ಯಕ್ತಿ ಇದ್ದಂತೆ. ಅದರ ಸಾಲ ಅದರದ್ದು. ಷೇರಿನ ಹಣ ಪೂರ್ತಿ ಕಟ್ಟಿದ್ದರೆ ಸದಸ್ಯ ಮತ್ತೆ ಕೊಡಬೇಕಾದ್ದಿಲ್ಲ. ಬಾಕಿ ಇದ್ದರೆ ಆ ಬಾಕಿಯಷ್ಟೇ ಹೊಣೆ. ಹಾಗೆಯೇ ಕಂಪನಿಯ ಆಸ್ತಿಯೂ ನಮ್ಮದಲ್ಲ. ಚಹಾ ಕಂಪನಿಯ ಷೇರುದಾರರೊಬ್ಬರು ತಮ್ಮ ಲಾಭಾಂಶವೂ ಬೇಸಾಯದ ಆದಾಯ, ಅದಕ್ಕೆ ತೆರಿಗೆ ಬೇಡ ಎಂದು ವಾದಿಸಿದ್ದರು. 1954ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ತೋಟ ಕಂಪನಿಯದು, ಷೇರುದಾರರದಲ್ಲ ಎಂದಿತು.

ತೀರ್ಪಿಗೆ ಮುಂಚೆ ಜಪ್ತಿ: ದಾವೆ ಹಾಕಿದ ಮಾತ್ರಕ್ಕೆ ಇದು ಸಿಗುವುದಿಲ್ಲ. ಮುಂದೆ ತೀರ್ಪು ಜಾರಿ ಆಗಬಾರದೆಂದೇ ಪ್ರತಿವಾದಿ ಆಸ್ತಿ ಮಾರಲು, ಸಾಗಿಸಲು ಹೊರಟಿದ್ದಾನೆ ಎಂದು ಕೋರ್ಟಿಗೆ ಮನವರಿಕೆ ಆಗಬೇಕು. ಇದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 38, ನಿಯಮ 5. ಅದೇ ಆದೇಶದ ನಿಯಮ 12ರ ಪ್ರಕಾರ, ರೈತನ ಕೈಲಿರುವ ಫಸಲನ್ನು ತೀರ್ಪಿಗೆ ಮುಂಚೆ ಜಪ್ತಿ ಮಾಡುವಂತಿಲ್ಲ. ತೀರ್ಪು ಆದಮೇಲೂ, ರೈತನ ಜೀವನಕ್ಕೆ ಬೇಕೆಂದು ಕೋರ್ಟು ಒಪ್ಪುವಷ್ಟು ಎತ್ತು, ನೇಗಿಲು, ಬಿತ್ತನೆ ಬೀಜ ಹಾಗೂ ಅವನು ವಾಸವಿರುವ ಸ್ವಂತ ಮನೆಗೆ ಕಲಂ 60ರಲ್ಲಿ ರಕ್ಷಣೆ ಇದೆ.

ಜಾಮೀನಿನ ಹೊಣೆ: ನಮ್ಮ ಇಬ್ಬರು ನಿರ್ದೇಶಕರು ಉದ್ದರಿಗೆ ಸ್ವಂತ ಜಾಮೀನು ಬರೆದುಕೊಟ್ಟಿದ್ದರು. ಅವರ ಹೆಸರೂ ದಾವೆಯಲ್ಲಿ ಬಂತು. 1872ರ ಕರಾರು ಕಾಯ್ದೆ ಕಲಂ 128ರಂತೆ, ಪತ್ರದಲ್ಲಿ ಬೇರೆ ರೀತಿ ಬರೆದಿರದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. "ಮೊದಲು ಕಂಪನಿಯನ್ನು ಕೇಳಿ" ಎಂದು ತಪ್ಪಿಸಿಕೊಳ್ಳಲಾಗದು. ಅಲ್ಲಿ ಹೊಲಕ್ಕೂ ಕುತ್ತು ಬರಬಹುದು.

ನನ್ನ ಹೊಲಕ್ಕೆ ಯಾರೂ ಬರಲಿಲ್ಲ. ಆದರೆ ಕಂಪನಿಯ ಬ್ಯಾಂಕ್ ಖಾತೆಗೆ ಕೋರ್ಟು ತಡೆ ಹಾಕಿತು. ನಾನು ಕೊಟ್ಟ ಶೇಂಗಾದ ಹದಿನಾಲ್ಕು ಸಾವಿರ ರೂಪಾಯಿ ಅದರೊಳಗೇ ಸಿಕ್ಕಿಕೊಂಡಿತು. ಕಂಪನಿ ಕೋರ್ಟಿಗೆ ಭದ್ರತೆ ಒದಗಿಸಿದ ಮೇಲೆ ತಡೆ ತೆರವಾಗಿ, ನಾಲ್ಕು ತಿಂಗಳಿಗೆ ದುಡ್ಡು ಕೈಗೆ ಬಂತು. ಅಷ್ಟರಲ್ಲಿ ಬಿತ್ತನೆ ಹದ ಹೋಗಿತ್ತು. ಎತ್ತಿಲ್ಲದೆ ಬಾಡಿಗೆ ಟ್ರಾಕ್ಟರಿಗೆ ಕಾದು, ತಡವಾಗಿ ಬಿತ್ತಿದೆ.

ಹಾಗಾಗಿ ರೈತ ಬಂಧುಗಳೇ, ಷೇರು ಹಣ ಕಟ್ಟಿದ ರಸೀದಿ ಜೋಪಾನ ಮಾಡಿ. ಮಾಲಿನ ಹಣ ಕಂಪನಿಯಲ್ಲಿ ಬಹಳ ದಿನ ಬಿಡಬೇಡಿ. ಯಾವ ಕಾಗದಕ್ಕೆ ಸಹಿ ಕೇಳಿದರೂ "ಇದು ಷೇರಿಗೋ, ಜಾಮೀನಿಗೋ?" ಎಂದು ಕೇಳಿ, ಓದಿಸಿಕೊಂಡು ಸಹಿ ಹಾಕಿ. ಸುದ್ದಿ ಕೇಳಿ ಎತ್ತು ಮಾರಬೇಡಿ.