ಇಸವಿಗಿಂತ ಮೊದಲು ಕಾರಣ ಓದಿ: ಎಸ್ಸೆಸ್ಸೆಲ್ಸಿ ಇತಿಹಾಸಕ್ಕೆ ಸಿದ್ಧತೆ

ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದಲ್ಲಿ ಮಕ್ಕಳನ್ನು ಹೆಚ್ಚು ಹೆದರಿಸುವುದು ಇತಿಹಾಸ. ಹೆಸರು, ಇಸವಿ, ಕದನ, ಕರಾರುಗಳ ಸಾಲು ಮುಗಿಯುವುದೇ ಇಲ್ಲ ಅನ್ನಿಸಿ ಬಾಯಿಪಾಠಕ್ಕೆ ಕೂರುತ್ತಾರೆ. ಬಾಯಿಪಾಠ ಮಾಡಿದ್ದು ಪ್ರಶ್ನೆಯ ಮಾತು ಸ್ವಲ್ಪ ಬದಲಾದರೂ ಕೈಕೊಡುತ್ತದೆ. ನಿಜಕ್ಕೂ ಹತ್ತನೇ ತರಗತಿಯ ಇತಿಹಾಸದ ಬಹುಭಾಗ ಒಂದೇ ಕಥೆ. ವ್ಯಾಪಾರಕ್ಕೆಂದು ಬಂದ ಕಂಪನಿ ದೇಶವನ್ನೇ ಆಳಿದ್ದು ಹೇಗೆ, ಜನ ಅದನ್ನು ಎದುರಿಸಿದ್ದು ಹೇಗೆ, ಸ್ವಾತಂತ್ರ್ಯ ಬಂದ ಮೇಲೆ ದೇಶ ಕಟ್ಟಿಕೊಂಡದ್ದು ಹೇಗೆ ಎಂಬುದಷ್ಟೇ ಅದರ ಎಳೆ. ಈ ಎಳೆ ಹಿಡಿದು ಓದಿದರೆ ನೆನಪಿನ ಭಾರ ಅರ್ಧ ಇಳಿಯುತ್ತದೆ.

ಪಠ್ಯಪುಸ್ತಕ ಮೊದಲು, ಗೈಡ್ ಆಮೇಲೆ

ಒಂದು ಪಾಠವನ್ನು ಕೈಗೆತ್ತಿಕೊಂಡಾಗ ಮೊದಲು ಕೊನೆಯ ಪುಟದ ಅಭ್ಯಾಸದ ಪ್ರಶ್ನೆಗಳನ್ನು ಓದಿ. ಏನನ್ನು ಹುಡುಕಬೇಕು ಎಂದು ಗೊತ್ತಾದ ಮೇಲೆ ಪಾಠವನ್ನು ಕಥೆಯಂತೆ ಒಂದೇ ಓಟದಲ್ಲಿ ಓದಿ. ಆಗ ಎಲ್ಲೂ ಗೆರೆ ಎಳೆಯಬೇಡಿ, ಏನನ್ನೂ ಬರೆದುಕೊಳ್ಳಲೂಬೇಡಿ. ಎರಡನೇ ಸಲ ಓದುವಾಗ ಪೆನ್ಸಿಲ್ ಹಿಡಿಯಿರಿ. ಇಡೀ ಪುಟಕ್ಕೆ ಹಳದಿ ಬಣ್ಣ ಬಳಿಯುವ ಅಭ್ಯಾಸ ಹಲವರಿಗಿದೆ. ಎಲ್ಲವೂ ಮುಖ್ಯ ಎಂದರೆ ಯಾವುದೂ ಮುಖ್ಯವಲ್ಲ ಎಂದಂತೆ. ಪ್ರತಿ ಪ್ಯಾರಾಕ್ಕೆ ಒಂದು ಕಾರಣ, ಒಂದು ಹೆಸರು, ಒಂದು ಪರಿಣಾಮ ಗುರುತು ಮಾಡಿದರೆ ಸಾಕು. ಗೈಡ್ ಬೇಕೇಬೇಕು ಎಂದಿದ್ದರೆ, ನೀವೇ ಬರೆದ ಉತ್ತರವನ್ನು ಹೋಲಿಸಿ ನೋಡುವುದಕ್ಕಷ್ಟೇ ಅದು ಇರಲಿ.

ಒಂದು ಪಾಠ, ಒಂದು ಹಾಳೆ

ಎರಡನೇ ಓದು ಮುಗಿದ ಮೇಲೆ ಪಾಠದ ಸಾರವನ್ನು ಒಂದೇ ಹಾಳೆಯಲ್ಲಿ ಇಳಿಸಿ. ಅಂಶಗಳ ಪಟ್ಟಿ ಬೇಡ, ಒಂದರಿಂದ ಇನ್ನೊಂದಕ್ಕೆ ಬಾಣದ ಗುರುತು ಹಾಕುತ್ತಾ ಹೋಗಿ. ಮಕ್ಕಳನ್ನು ಅತಿ ಹೆಚ್ಚು ಗೊಂದಲಕ್ಕೆ ಕೆಡಹುವ ಆಂಗ್ಲೋ-ಮೈಸೂರು ಯುದ್ಧಗಳನ್ನೇ ನೋಡೋಣ.

ಮೊದಲ ಯುದ್ಧದಲ್ಲಿ ಹೈದರಾಲಿ ಮದ್ರಾಸಿನ ಹೊಸ್ತಿಲಿಗೇ ಸೈನ್ಯ ತಂದ. ಬೆದರಿದ ಕಂಪನಿ 1769ರಲ್ಲಿ ಮದ್ರಾಸ್ ಒಪ್ಪಂದಕ್ಕೆ ಬಂತು. ಒಬ್ಬರ ಮೇಲೆ ಬೇರೆಯವರು ದಾಳಿ ಮಾಡಿದರೆ ಇನ್ನೊಬ್ಬರು ನೆರವಿಗೆ ಹೋಗಬೇಕು ಎಂಬುದು ಅದರ ಕರಾರು. ಆದರೆ ಮರಾಠರು ಮೈಸೂರಿನ ಮೇಲೆ ಬಂದಾಗ ಇಂಗ್ಲಿಷರು ಸುಮ್ಮನೆ ಕುಳಿತರು. ಆ ಸಿಟ್ಟು ಆರುವ ಮೊದಲೇ ಹೈದರನ ರಕ್ಷಣೆಯಲ್ಲಿದ್ದ ಫ್ರೆಂಚರ ಮಾಹೆಯನ್ನು 1779ರಲ್ಲಿ ವಶಪಡಿಸಿಕೊಂಡರು. ಮರುವರ್ಷವೇ ಎರಡನೇ ಯುದ್ಧ. ನಡುವೆ, 1782ರಲ್ಲಿ, ಹೈದರ್ ತೀರಿಕೊಂಡ. ಅವನ ಮಗ ಟಿಪ್ಪು ಯುದ್ಧ ಮುಂದುವರಿಸಿ 1784ರಲ್ಲಿ ಮಂಗಳೂರು ಒಪ್ಪಂದ ಮಾಡಿಕೊಂಡ. ಮುಂದೆ ಟಿಪ್ಪು ತಿರುವಾಂಕೂರಿನ ಮೇಲೆ ದಂಡೆತ್ತಿ ಹೋದದ್ದೇ ಮೂರನೇ ಯುದ್ಧಕ್ಕೆ ಕಾರಣವಾಯಿತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, ಯುದ್ಧದ ನಷ್ಟ ತುಂಬಿಕೊಡಬೇಕಾಯಿತು, ಹಣ ಸಲ್ಲುವ ತನಕ ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ಇಷ್ಟು ಅವಮಾನ ಉಂಡ ಟಿಪ್ಪು ಫ್ರೆಂಚರ ನೆರವು ಹುಡುಕಿದ್ದರಲ್ಲಿ ಆಶ್ಚರ್ಯವಿಲ್ಲ. ವೆಲ್ಲೆಸ್ಲಿಯ ಸಹಾಯಕ ಸೈನ್ಯ ಪದ್ಧತಿಯನ್ನು ಅವನು ಒಪ್ಪಲಿಲ್ಲ. ಅದೇ ನಾಲ್ಕನೇ ಯುದ್ಧಕ್ಕೆ ದಾರಿಯಾಯಿತು; 1799ರ ಮೇ 4ರಂದು ಟಿಪ್ಪು ಶ್ರೀರಂಗಪಟ್ಟಣದ ಕೋಟೆಯಲ್ಲೇ ಹೋರಾಡುತ್ತಾ ಬಿದ್ದ.

ನಾಲ್ಕು ಯುದ್ಧ, ಮೂರು ಒಪ್ಪಂದ. ಪ್ರತಿ ಒಪ್ಪಂದದೊಳಗೇ ಮುಂದಿನ ಯುದ್ಧದ ಬೀಜವಿದೆ. ಹೀಗೆ ಬಾಣ ಹಾಕಿಕೊಂಡ ಹುಡುಗಿಗೆ ‘ಎರಡನೇ ಯುದ್ಧಕ್ಕೆ ಕಾರಣಗಳೇನು’ ಎಂದು ಕೇಳಿದರೂ ‘ಮದ್ರಾಸ್ ಒಪ್ಪಂದದ ಪರಿಣಾಮವೇನು’ ಎಂದು ಕೇಳಿದರೂ ಉತ್ತರ ಬರುತ್ತದೆ. ಪಟ್ಟಿ ಉರು ಹೊಡೆದವರು ಎರಡನೆಯದಕ್ಕೆ ತಡವರಿಸುತ್ತಾರೆ.

ನಿಮ್ಮೂರಿಗೆ ಶ್ರೀರಂಗಪಟ್ಟಣವೋ ಕಿತ್ತೂರೋ ನಂದಗಡವೋ ಹತ್ತಿರವಿದ್ದರೆ ಒಂದು ಭಾನುವಾರ ಹೋಗಿ ಬನ್ನಿ. ಪರೀಕ್ಷೆ ಹತ್ತಿರ ಬಂದಾಗ ಸುತ್ತಾಟವೇ ಎಂದು ಅಪ್ಪ ಅಮ್ಮ ಗದರಬಾರದು. ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡವನ್ನು ಕಣ್ಣಾರೆ ಕಂಡ ಮಗು 1831 ಎಂಬ ಇಸವಿಯನ್ನು ಮರೆಯುವುದಿಲ್ಲ.

ಇಸವಿಗಳಿಗೆ ಗೂಟ ನೆಡಿ

ಎಲ್ಲ ಇಸವಿಗಳನ್ನೂ ಒಂದೇ ತೂಕದಲ್ಲಿ ಓದಬೇಡಿ. ಕೆಲವನ್ನು ಗೂಟದಂತೆ ಭದ್ರವಾಗಿ ನೆಟ್ಟುಕೊಳ್ಳಿ: 1757 ಪ್ಲಾಸಿ, 1799 ಟಿಪ್ಪುವಿನ ಮರಣ, 1824 ಕಿತ್ತೂರು, 1857 ಸಂಗ್ರಾಮ, 1885 ಕಾಂಗ್ರೆಸ್, 1905 ಬಂಗಾಳ ವಿಭಜನೆ, 1919 ಜಲಿಯನ್‌ವಾಲಾಬಾಗ್, 1930 ದಂಡಿ, 1942 ಕ್ವಿಟ್ ಇಂಡಿಯಾ. ಉಳಿದವುಗಳಿಗೆ ಇವುಗಳ ಹಿಂದೆ ಮುಂದೆ ಜಾಗ ಕೊಡಿ. ಚೌರಿಚೌರ ಅಸಹಕಾರ ಚಳವಳಿಯನ್ನು ನಿಲ್ಲಿಸಿತು ಎಂಬುದು ಗೊತ್ತಿದ್ದರೆ, ಅದು 1919ಕ್ಕೂ 1930ಕ್ಕೂ ನಡುವೆಯೇ ಇರಬೇಕು. 1922 ಎಂಬುದು ನೆನಪಿಗೆ ಬಂದೇ ಬರುತ್ತದೆ. ಅಂಕೋಲೆಯ ಉಪ್ಪಿನ ಸತ್ಯಾಗ್ರಹವನ್ನು ದಂಡಿಯ ಪಕ್ಕದಲ್ಲಿ, ಈಸೂರನ್ನು ಕ್ವಿಟ್ ಇಂಡಿಯಾದ ಪಕ್ಕದಲ್ಲಿ ಬರೆದಿಡಿ.

ಒಂದರಂತೆ ಇನ್ನೊಂದು ಕಾಣುವ ವಿಷಯಗಳನ್ನು ಬೇರೆ ಬೇರೆ ದಿನ ಓದಬೇಡಿ, ಒಟ್ಟಿಗೆ ಕೂರಿಸಿ ಓದಿ. ಜಮೀನ್ದಾರಿ, ರೈತವಾರಿ, ಮಹಲ್‌ವಾರಿ ಪದ್ಧತಿಗಳಿಗೆ ಒಂದೇ ಪ್ರಶ್ನೆ ಹಾಕಿ: ಕಂಪನಿಗೆ ಕಂದಾಯ ಕಟ್ಟುವವರು ಯಾರು? ಮೊದಲನೆಯದರಲ್ಲಿ ಜಮೀನ್ದಾರ, ಎರಡನೆಯದರಲ್ಲಿ ನೇರವಾಗಿ ರೈತ, ಮೂರನೆಯದರಲ್ಲಿ ಹಳ್ಳಿ. ಸಹಾಯಕ ಸೈನ್ಯ ಪದ್ಧತಿ ವೆಲ್ಲೆಸ್ಲಿಯದು, ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿ ಡಾಲ್‌ಹೌಸಿಯದು. ಬ್ರಹ್ಮ ಸಮಾಜ, ಆರ್ಯ ಸಮಾಜ, ಪ್ರಾರ್ಥನಾ ಸಮಾಜ, ಸತ್ಯಶೋಧಕ ಸಮಾಜಗಳಿಗೂ ಹೀಗೇ ಒಂದು ಕೋಷ್ಟಕ ಮಾಡಿ ಗೋಡೆಗೆ ಅಂಟಿಸಿ.

ಪುಸ್ತಕ ಮುಚ್ಚಿ ಬರೆಯಿರಿ

ಎಲ್ಲಕ್ಕಿಂತ ಮುಖ್ಯವಾದದ್ದೂ, ಎಲ್ಲರೂ ತಪ್ಪಿಸುವುದೂ ಇದೇ. ಹತ್ತು ಸಲ ಓದಿದರೆ ಗೊತ್ತಿದೆ ಎಂಬ ಭಾವನೆ ಬರುತ್ತದೆ. ಗೊತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಖಾಲಿ ಹಾಳೆಯ ಮುಂದೆ ಕುಳಿತಾಗ ಮಾತ್ರ. ಓದಿದ ಪಾಠವನ್ನು ಅದೇ ಸಂಜೆ ನೋಡದೆ ಬರೆಯಿರಿ. ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ಎರಡು ದಿನ ಬಿಟ್ಟು ಇನ್ನೊಮ್ಮೆ, ವಾರ ಕಳೆದು ಮತ್ತೊಮ್ಮೆ ಬರೆಯುವಾಗ ಆ ಕೆಂಪು ಅಂಶಗಳ ಮೇಲೇ ಕಣ್ಣಿಡಿ. ಬರೆಯಲು ಬೇಸರವಾದ ದಿನ ತಂಗಿಗೋ ಅಜ್ಜಿಗೋ ಕಥೆ ಹೇಳಿ. ಅವರು ‘ಯಾಕೆ’ ಎಂದು ಕೇಳಿದಾಗ ತಡವರಿಸಿದ ಜಾಗವೇ ನೀವು ಮತ್ತೆ ಓದಬೇಕಾದ ಜಾಗ.

ಉತ್ತರದ ಅಳತೆಯನ್ನೂ ಈಗಲೇ ರೂಢಿಸಿಕೊಳ್ಳಿ. ಆರು ವಾಕ್ಯದ ಉತ್ತರಕ್ಕೆ ಪೀಠಿಕೆ ಬೇಡ. ಸಹಾಯಕ ಸೈನ್ಯ ಪದ್ಧತಿಯ ನಿಬಂಧನೆ ಕೇಳಿದರೆ ಹೀಗೆ: ರಾಜ ತನ್ನ ರಾಜ್ಯದಲ್ಲಿ ಬ್ರಿಟಿಷ್ ಸೈನ್ಯ ಇಟ್ಟುಕೊಳ್ಳಬೇಕು. ಅದರ ಖರ್ಚನ್ನು ಅವನೇ ಭರಿಸಬೇಕು, ಇಲ್ಲವೇ ಕಂದಾಯದ ಪ್ರದೇಶ ಬಿಟ್ಟುಕೊಡಬೇಕು. ಆಸ್ಥಾನದಲ್ಲಿ ಬ್ರಿಟಿಷ್ ರೆಸಿಡೆಂಟ್ ಇರಬೇಕು. ಕಂಪನಿಯ ಅನುಮತಿಯಿಲ್ಲದೆ ಬೇರೆ ಯುರೋಪಿಯನ್ನರನ್ನು ನೇಮಿಸಿಕೊಳ್ಳುವಂತಿಲ್ಲ. ಗವರ್ನರ್ ಜನರಲ್ ಒಪ್ಪಿಗೆಯಿಲ್ಲದೆ ಬೇರೆ ರಾಜ್ಯಗಳೊಡನೆ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಇದಕ್ಕೆಲ್ಲ ಪ್ರತಿಯಾಗಿ ಕಂಪನಿ ರಾಜ್ಯಕ್ಕೆ ರಕ್ಷಣೆ ಕೊಡುತ್ತದೆ. ಆರು ವಾಕ್ಯ, ಆರು ಅಂಶ, ಒಂದೊಂದಕ್ಕೆ ಒಂದು ಸಾಲು. ತಿದ್ದುವವರ ಕಣ್ಣಿಗೆ ಅಂಶ ಬಿದ್ದರೆ ತಾನೇ ಅಂಕ.

ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಪ್ರಕಟಿಸುವ ಮಾದರಿ ಪ್ರಶ್ನೆಪತ್ರಿಕೆಗಳನ್ನು ಕೊನೆಯ ವಾರಗಳಲ್ಲಿ ಗಡಿಯಾರ ಇಟ್ಟುಕೊಂಡೇ ಬಿಡಿಸಿ. 80 ಅಂಕದ ಪತ್ರಿಕೆಯಲ್ಲಿ ಇತಿಹಾಸದ ಜೊತೆ ಭೂಗೋಳ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಎಲ್ಲವೂ ಇರುವುದರಿಂದ, ಪ್ರೀತಿಯ ಪ್ರಶ್ನೆಗೆ ಎರಡು ಪುಟ ಬರೆದು ನಕಾಶೆಗೆ ಸಮಯ ಸಾಲದೆ ಹೋಗುವುದು ಸಾಮಾನ್ಯ.

ಪರೀಕ್ಷೆಯ ಹಿಂದಿನ ದಿನ ಹೊಸ ಪಾಠ ತೆರೆಯಬೇಡಿ. ಒಂದೊಂದು ಪಾಠದ ಹಾಳೆ ಮಾತ್ರ ನೋಡಿ ಬೇಗ ಮಲಗಿ. ಹಾಲ್‌ನಲ್ಲಿ ಪತ್ರಿಕೆ ಓದಲು ಸಿಗುವ ಮೊದಲ ಹದಿನೈದು ನಿಮಿಷದಲ್ಲಿ ‘ಕಾರಣಗಳು’ ಕೇಳಿದ್ದಾರೋ ‘ಪರಿಣಾಮಗಳು’ ಕೇಳಿದ್ದಾರೋ ಎಂಬುದನ್ನು ಪ್ರತಿ ಪ್ರಶ್ನೆಯಲ್ಲೂ ಗಮನಿಸಿ. ಬರೆದು ಮುಗಿಸಿದ ಮೇಲೆ ಪ್ರಶ್ನೆ ಸಂಖ್ಯೆಗಳನ್ನು ಇನ್ನೊಮ್ಮೆ ತಾಳೆ ನೋಡಿ, ಬಹು ಆಯ್ಕೆಯ ಒಂದು ಪ್ರಶ್ನೆಯನ್ನೂ ಖಾಲಿ ಬಿಡದೆ ಹಾಳೆ ಒಪ್ಪಿಸಿ.