ಯಾರನ್ನು ಕೇಳಿತು, ಅದನ್ನು ಮೊದಲು ನೋಡು

ತಮ್ಮಾ,

ನಿನ್ನೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, "ಕಾಕಾ, ವಿಪಿಎನ್ ಕನೆಕ್ಟ್ ಆಗೇತಿ, ಆದ್ರ ಸರ್ವರ್ ಸಿಗವಲ್ದು" ಅಂದೆ. ನಿದ್ದೆಗಣ್ಣಲ್ಲಿ ಏನೋ ಹೇಳಿ ಇಟ್ಟುಬಿಟ್ಟೆ. ಬೆಳಗ್ಗೆ ಚಹಾ ಕುಡಿಯುವಾಗ ಅನ್ನಿಸಿತು, ಇದನ್ನು ಬರೆದೇ ಕೊಡಬೇಕು ಅಂತ. ಈ "ಸಿಗವಲ್ದು" ಅನ್ನುವ ಮಾತನ್ನು ನೌಕರಿಯುದ್ದಕ್ಕೂ ಕೇಳಿದವನು ನಾನು. ಅದರೊಳಗೆ ಎರಡು ಬೇರೆ ಬೇರೆ ರೋಗ ಇರುತ್ತವೆ. ಸರ್ವರಿನ ಹೆಸರಿಗೆ ನಂಬರ್ ಸಿಗದಿರುವುದು ಒಂದು. ನಂಬರ್ ಗೊತ್ತಿದ್ದೂ ಅಲ್ಲಿಗೆ ದಾರಿ ಇಲ್ಲದಿರುವುದು ಇನ್ನೊಂದು. ಇವೆರಡನ್ನು ಬಿಡಿಸಿಕೊಳ್ಳದೆ ಕೈ ಹಚ್ಚಿದರೆ ರಾತ್ರಿಯೆಲ್ಲ ಕೂತರೂ ಹರಿಯುವುದಿಲ್ಲ.

ಬಿಡಿಸಿಕೊಳ್ಳುವುದು ಕಷ್ಟವೇನಲ್ಲ. ರನ್ ಬಾಕ್ಸಿನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ, ಹೆಸರಿನ ಬದಲು ಸರ್ವರಿನ ಐಪಿ ನಂಬರ್ ಹೊಡೆ. ಫೋಲ್ಡರ್ ತೆರೆದರೆ ದಾರಿ ಸರಿಯಿದೆ, ತಕರಾರು ಹೆಸರಿನದು. ತೆರೆಯದಿದ್ದರೆ ಹೆಸರಿನ ಗೊಡವೆಗೇ ಹೋಗಬೇಡ, ಮೊದಲು ದಾರಿ ನೋಡು. ಇಲ್ಲಿ ಪಿಂಗ್ ಒಂದನ್ನೇ ನಂಬಬೇಡ. 2004ರಲ್ಲಿ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2 ಬಂದಾಗಿನಿಂದ ವಿಂಡೋಸಿನ ಫೈರ್‌ವಾಲ್ ತಾನೇ ಆನ್ ಆಗಿ ಕೂತಿರುತ್ತದೆ. ಪಿಂಗ್‌ಗೆ ಉತ್ತರ ಕೊಡದ ಯಂತ್ರ ಒಳಗೆ ಗಟ್ಟಿಮುಟ್ಟಾಗಿಯೇ ಇರಬಹುದು. ಫೈಲ್ ಶೇರಿಂಗಿಗೆ ಅದು ಬಾಗಿಲು ತೆರೆದರೂ ಸಾಮಾನ್ಯವಾಗಿ ತನ್ನ ಸಬ್‌ನೆಟ್ಟಿನವರಿಗಷ್ಟೇ ತೆರೆಯುತ್ತದೆ. ವಿಪಿಎನ್‌ನಿಂದ ಬಂದವನ ನಂಬರ್ ಬೇರೆ ಸಬ್‌ನೆಟ್ಟಿನದು, ಹಾಗಾಗಿ ಹೊಸ್ತಿಲಲ್ಲೇ ನಿಲ್ಲುತ್ತಾನೆ.

ಹೆಸರಿನ ರೋಗ ಅಂತ ಖಾತ್ರಿಯಾದ ಮೇಲೆ ನನ್ನ ಪಾಡು ಕೇಳು. 2020ರ ಮಾರ್ಚ್. ನಾನು ನೋಡಿಕೊಳ್ಳುತ್ತಿದ್ದದ್ದು ಒಬ್ಬ ಲೆಕ್ಕಪರಿಶೋಧಕರ ಆಫೀಸು. ವರ್ಷದ ಲೆಕ್ಕ ಮುಗಿಸುವ ಹೊತ್ತಿಗೇ ಲಾಕ್‌ಡೌನ್ ಬಿತ್ತು. ಒಂಬತ್ತು ವಿಂಡೋಸ್ 10, ಆ ಜನವರಿಯಲ್ಲಷ್ಟೇ ಮೈಕ್ರೋಸಾಫ್ಟ್ ಕೈಬಿಟ್ಟಿದ್ದ ನಾಲ್ಕು ವಿಂಡೋಸ್ 7, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೋಸ್ಕರ ಉಳಿಸಿಕೊಂಡ ಒಂದು ಎಕ್ಸ್‌ಪಿ. ಡೊಮೇನ್ ಇರಲಿಲ್ಲ, ಎಲ್ಲ ವರ್ಕ್‌ಗ್ರೂಪ್. ಟ್ಯಾಲಿ ಡೇಟಾ ಇದ್ದ ಸರ್ವರಿಗೆ "ಲೆಕ್ಕ" ಅಂತ ನಾನೇ ಹೆಸರಿಟ್ಟಿದ್ದೆ. ರೂಟರಿನಲ್ಲಿ ವಿಪಿಎನ್ ಹಚ್ಚಿ ಎಲ್ಲರನ್ನೂ ಮನೆಗೆ ಕಳಿಸಿದೆ. ಮಾರನೇ ದಿನ ಹದಿಮೂರು ಮಂದಿಯದೂ ಒಂದೇ ರಾಗ, "ಲೆಕ್ಕ ಸಿಗವಲ್ದು."

ವರ್ಷಗಟ್ಟಲೆ ಆಫೀಸಿನಲ್ಲಿ ಸಿಕ್ಕ ಹೆಸರು ಮನೆಯಿಂದ ಯಾಕೆ ಸಿಗಲಿಲ್ಲ? ಆಫೀಸಿನೊಳಗೆ ಯಾರೂ ಯಾರನ್ನೂ ವಿಚಾರಿಸುತ್ತಿರಲಿಲ್ಲ, ಸುಮ್ಮನೆ ಕೂಗುತ್ತಿದ್ದರು. ಓಣಿಯಲ್ಲಿ ನಿಂತು "ಬಸಪ್ಪಾ" ಅಂತ ಕೂಗಿದರೆ ಬಸಪ್ಪ ಕಿಟಕಿಯಿಂದ "ಏನೋ" ಅನ್ನುತ್ತಾನಲ್ಲ, ಹಾಗೆ. ಹಳೆಯ ನೆಟ್‌ಬಯಾಸ್ ಯುಡಿಪಿ 137ನೇ ಪೋರ್ಟಿನಲ್ಲಿ ಕೂಗುತ್ತದೆ. ವಿಸ್ತಾದಿಂದೀಚೆಗೆ ಬಂದ ಎಲ್‌ಎಲ್‌ಎಂಎನ್‌ಆರ್ 5355ರಲ್ಲಿ. ಎರಡೂ ಕೂಗುಗಳು ಆ ಓಣಿಯೊಳಗೇ ಮುಗಿಯುತ್ತವೆ. ವಿಪಿಎನ್ ಅಂದರೆ ನಡುವೆ ಒಬ್ಬ ರೂಟರ್ ಇದ್ದಾನೆ, ಅವನು ಕೂಗನ್ನು ಆಚೆ ಒಯ್ಯುವುದಿಲ್ಲ. ಉಳಿದ ದಾರಿ ಡಿಎನ್ಎಸ್. ಅಲ್ಲಿ "ಲೆಕ್ಕ" ಅನ್ನುವ ಹೆಸರನ್ನು ಯಾರೂ ಬರೆಸಿಯೇ ಇರಲಿಲ್ಲ. ಬರೆಸಬೇಕಾದವನು ನಾನೇ, ಅದು ಬೇರೆ ಮಾತು.

ಆಗ ನಾನು ಮಾಡಿದ್ದನ್ನು ನೀನು ಮಾಡಬೇಡ. ಹೋಸ್ಟ್ಸ್ ಫೈಲಿಗೆ ಕೈ ಹಾಕಿದೆ. ಪ್ರತಿಯೊಬ್ಬರ ಯಂತ್ರದಲ್ಲೂ 192.168.1.10, ಪಕ್ಕದಲ್ಲಿ "ಲೆಕ್ಕ", ಒಂದೇ ಸಾಲು. ಫೋನಿನಲ್ಲೇ ಹೇಳಿ ಬರೆಸಿದೆ. ಹಿರಿಯ ಗುಮಾಸ್ತರೊಬ್ಬರು ಮೂರು ಸಲ "ಸೇವ್ ಮಾಡೇನ್ರಿ" ಅಂದರು, ಮೂರು ಸಲವೂ ಹೆಸರು ಸಿಗಲಿಲ್ಲ. ಅರ್ಧ ಗಂಟೆ ಬೆವರಿದ ಮೇಲೆ ಗೊತ್ತಾಯಿತು: ನೋಟ್‌ಪ್ಯಾಡ್ ಅದನ್ನು ಟೆಕ್ಸ್ಟ್ ಫೈಲಾಗಿ, ಬಾಲದಲ್ಲಿ ಡಾಟ್ ಟಿಎಕ್ಸ್‌ಟಿ ಅಂಟಿಸಿ ಉಳಿಸಿತ್ತು. ವಿಂಡೋಸ್ ಆ ಬಾಲವನ್ನು ಮುಚ್ಚಿಡುವುದರಿಂದ ಅವರ ಕಣ್ಣಿಗೆ ಫೈಲ್ ಸರಿಯಾಗಿಯೇ ಕಾಣುತ್ತಿತ್ತು. ಪಾಪ, ಅವರಿಗೆ ಸ್ವಲ್ಪ ಸಿಡುಕಿಯೂ ಬಿಟ್ಟಿದ್ದೆ.

ಸಂಜೆ ಹೊತ್ತಿಗೆ ಹನ್ನೆರಡು ಮಂದಿಗೆ ಸಿಕ್ಕಿತು. ಒಬ್ಬನಿಗೆ ಮಾತ್ರ ಇಲ್ಲ, ಈ ಒಬ್ಬನೇ ನನಗೆ ಪಾಠ ಕಲಿಸಿದ್ದು. ಅವನ ಯಂತ್ರದಲ್ಲಿ ಹೆಸರು ಸರಿಯಾಗಿ ನಂಬರಾಗುತ್ತಿತ್ತು. ಪಿಂಗ್‌ಗೆ ಉತ್ತರವೂ ಬರುತ್ತಿತ್ತು. ಶೇರ್ ಮಾತ್ರ ತೆರೆಯದು. "ಬಂದ ಉತ್ತರವನ್ನ ಅಕ್ಷರ ಬಿಡದೆ ಓದಪಾ" ಅಂದೆ. ಓದಿದ: ಟೈಮ್ 2 ಎಂಎಸ್, ಟಿಟಿಎಲ್ 64. ಹುಬ್ಬಳ್ಳಿಯ ಒಂದು ಮನೆಯಿಂದ ಇಂಟರ್ನೆಟ್ ಸುತ್ತಿ ಆಫೀಸಿಗೆ ಹೋಗಿ ಬರಲು ಎರಡು ಮಿಲಿಸೆಕೆಂಡ್ ಸಾಲುವುದಿಲ್ಲ. ವಿಂಡೋಸ್ ಯಂತ್ರದ ಉತ್ತರ 128ರಿಂದ ಹೊರಟು ದಾಟಿದ ಒಂದೊಂದು ರೂಟರಿಗೂ ಒಂದೊಂದು ಕಳೆದುಕೊಳ್ಳುತ್ತದೆ. 64 ಅಂದರೆ ಲಿನಕ್ಸ್ ಕುಲದ ಯಾವುದೋ ಪ್ರಾಣಿ. ಅವನ ಮನೆಯ ರೂಟರೂ 192.168.1ರ ಸಾಲಿನದೇ, ಅಲ್ಲಿ 10ನೇ ನಂಬರ್ ಪಡಕೊಂಡು ಕೂತಿದ್ದದ್ದು ಪಡಸಾಲೆಯ ಟೀವಿ! ಟ್ಯಾಲಿ ಡೇಟಾ ಕೊಡು ಅಂತ ನಾವು ಟೀವಿಯನ್ನು ಕೇಳುತ್ತಿದ್ದೆವು.

ಮನೆಯ ರೂಟರುಗಳು ಬಹುಪಾಲು 192.168.0 ಇಲ್ಲವೇ 192.168.1ರ ಸಾಲನ್ನೇ ಹಿಡಿದಿರುತ್ತವೆ. ವಿಪಿಎನ್ ಕೊಡುವ ಆಫೀಸು ಆ ಎರಡರಲ್ಲಿ ಇರಲೇಬಾರದು. ಆ ರಾತ್ರಿಯೇ ಆಫೀಸನ್ನು 10.47.3ರ ಸಾಲಿಗೆ ಬದಲಿಸಿ ಹೆಮ್ಮೆಯಿಂದ ಮಲಗಿದೆ. ಬೆಳಗ್ಗೆ ಒಂಬತ್ತಕ್ಕೆ ಹದಿಮೂರೂ ಫೋನು ಒಟ್ಟಿಗೆ. ಹೋಸ್ಟ್ಸ್ ಫೈಲುಗಳಲ್ಲಿ ಹಳೆಯ ನಂಬರೇ ಕೂತಿತ್ತಲ್ಲ! ಡಿಎನ್ಎಸ್ಸಿನಲ್ಲಿ ಒಂದು ಕಡೆ ತಿದ್ದಿ ಮುಗಿಸಬಹುದಿದ್ದದ್ದನ್ನು ಹದಿಮೂರು ಮನೆಗಳಲ್ಲಿ, ಅದೂ ಫೋನಿನಲ್ಲಿ ತಿದ್ದಬೇಕಾಯಿತು.

ಸರಿಯಾದ ದಾರಿ ಎರಡು ದಿನ ತಡವಾಗಿ ಹಿಡಿದೆ. ಆಫೀಸಿನ ರೂಟರಿನ ಡಿಎನ್ಎಸ್ಸಿನಲ್ಲಿ ಸರ್ವರಿನ ಹೆಸರು ಬರೆಸಿದೆ, ವಿಪಿಎನ್ ಕನೆಕ್ಟ್ ಆದಾಗ ಆ ಡಿಎನ್ಎಸ್ ವಿಳಾಸವನ್ನೂ ಹೆಸರಿನ ಬಾಲವನ್ನೂ, ಅಂದರೆ ಡಿಎನ್ಎಸ್ ಸಫಿಕ್ಸನ್ನೂ, ಯಂತ್ರಕ್ಕೆ ಕೊಡುವಂತೆ ಮಾಡಿದೆ. ಬಾಲ ಆರಿಸುವಾಗ ಡಾಟ್ ಲೋಕಲ್ ಮಾತ್ರ ಬೇಡ. ಅದು ಮಲ್ಟಿಕಾಸ್ಟ್ ಡಿಎನ್ಎಸ್ಸಿಗೆ ಮೀಸಲು, ಮತ್ತೆ ಓಣಿಯಲ್ಲಿ ಕೂಗುವ ಕಥೆಯೇ. ಈಗಾದರೆ ಒಳಗಿನ ಬಳಕೆಗೆಂದೇ 2024ರಲ್ಲಿ ಕಾದಿರಿಸಿದ ಡಾಟ್ ಇಂಟರ್ನಲ್ ಇದೆ. ಮಂದಿಗೆ ಶಾರ್ಟ್‌ಕಟ್ ಮಾಡಿಕೊಡುವಾಗ ಬಾಲಸಮೇತ ಪೂರ್ತಿ ಹೆಸರನ್ನೇ ಕೊಡು. ಬರೀ "ಲೆಕ್ಕ" ಅಂದರೆ ಯಾವ ಬಾಲ ಅಂಟಿಸಬೇಕು, ಎಲ್ಲಿ ಕೂಗಬೇಕು ಅಂತ ಪ್ರತಿಯೊಂದು ವಿಂಡೋಸೂ ತನ್ನ ಬುದ್ಧಿ ಓಡಿಸುತ್ತದೆ.

ಮಿಶ್ರ ಯಂತ್ರಗಳಿದ್ದಲ್ಲಿ ತಲೆನೋವು ಇರುವುದೇ ಆ ಬುದ್ಧಿಯಲ್ಲಿ. ವಿಂಡೋಸ್ 7 ಅಡಾಪ್ಟರುಗಳ ಸಾಲಿನಲ್ಲಿ ಮೇಲೆ ಕೂತದ್ದನ್ನು ಮೊದಲು ಕೇಳುತ್ತದೆ. ವಿಪಿಎನ್ ಕೆಳಗಿದ್ದರೆ ಮನೆಯ ರೂಟರಿನ ಮಾತೇ ನಡೆಯುತ್ತದೆ. ವಿಂಡೋಸ್ 8ರಿಂದ ಈಚಿನವು ಎಲ್ಲ ಅಡಾಪ್ಟರುಗಳನ್ನೂ ಒಟ್ಟಿಗೆ ಕೇಳಬಲ್ಲವು. ವಿಂಡೋಸ್ 10ರಲ್ಲಿ ಸಾಲು ತೀರ್ಮಾನಿಸುವುದು ಮೆಟ್ರಿಕ್ ಅನ್ನುವ ಸಂಖ್ಯೆ, ಚಿಕ್ಕದ್ದಕ್ಕೆ ಮೊದಲ ಮರ್ಯಾದೆ. ಒಂದೇ ವಿಪಿಎನ್, ಒಂದೇ ಸೆಟ್ಟಿಂಗ್ ಇದ್ದೂ ಪಕ್ಕಪಕ್ಕದ ಎರಡು ಯಂತ್ರ ಎರಡು ಉತ್ತರ ಹೇಳಿದರೆ ದೆವ್ವ ಹಿಡಿದಿದೆ ಅನ್ನಬೇಡ.

ಎನ್ಎಸ್‌ಲುಕಪ್ ಹೊಡೆದಾಗ ಎಲ್ಲರೂ ಕೊನೆಯ ಸಾಲಿಗೆ ಹಾರುತ್ತಾರೆ. ನೀನು ಮೊದಲ ಎರಡು ಸಾಲು ಓದು. ಯಾವ ಸರ್ವರನ್ನು ಕೇಳಿತು ಅಂತ ಅಲ್ಲೇ ಬರೆದಿರುತ್ತದೆ. ಅಲ್ಲಿ ಮನೆಯ ರೂಟರಿನ ನಂಬರ್ ಕಂಡರೆ ಅರ್ಧ ಉತ್ತರ ಸಿಕ್ಕಂತೆ. ಇನ್ನೊಂದು: ಎನ್ಎಸ್‌ಲುಕಪ್ ಹೋಸ್ಟ್ಸ್ ಫೈಲನ್ನೂ ನೋಡುವುದಿಲ್ಲ, ವಿಂಡೋಸಿನ ಕ್ಯಾಶನ್ನೂ ನೋಡುವುದಿಲ್ಲ, ಪಿಂಗ್ ಎರಡನ್ನೂ ನೋಡುತ್ತದೆ. ಪಿಂಗ್ ಒಂದು ನಂಬರ್, ಎನ್ಎಸ್‌ಲುಕಪ್ ಇನ್ನೊಂದು ನಂಬರ್ ತೋರಿಸಿದರೆ ಯಾರೋ ಪುಣ್ಯಾತ್ಮ ಹೋಸ್ಟ್ಸ್ ಫೈಲಿನಲ್ಲಿ ಬರೆದಿದ್ದಾನೆ ಅಂತ ಅನುಮಾನಿಸು. ನಮ್ಮಲ್ಲಿ ಆ ಪುಣ್ಯಾತ್ಮ ಯಾರು ಅಂತ ಹೇಳಿಯಾಗಿದೆ. ಡಿಎನ್ಎಸ್ ತಿದ್ದಿದ ಮೇಲೂ "ಇಲ್ಲ" ಅನ್ನುತ್ತಿದ್ದರೆ ಐಪಿಕಾನ್ಫಿಗ್ ಫ್ಲಶ್‌ಡಿಎನ್ಎಸ್ ಹೊಡೆ. ಹಿಂದೆ ಸಿಕ್ಕ "ಇಲ್ಲ"ವನ್ನೂ ವಿಂಡೋಸ್ ಕೆಲಹೊತ್ತು ನೆನಪಿಟ್ಟಿರುತ್ತದೆ.

ಯಂತ್ರಗಳಿಗೆ ಉದ್ದ ಹೆಸರಿಡುವ ಹುಚ್ಚು ಬೇಡ. ನೆಟ್‌ಬಯಾಸಿಗೆ 15 ಅಕ್ಷರ ಮಾತ್ರ ದಕ್ಕುತ್ತದೆ, 16ನೆಯದು ಯಾವ ಸೇವೆ ಅಂತ ಹೇಳುವ ಗುರುತು. ಅಕೌಂಟ್ಸ್-ಸೆಕ್ಷನ್-1, ಅಕೌಂಟ್ಸ್-ಸೆಕ್ಷನ್-2 ಅಂತ ಇಂಗ್ಲಿಷಿನಲ್ಲಿ ಬರೆದು ಎಣಿಸಿ ನೋಡು. ಹದಿನೈದಕ್ಕೆ ಕತ್ತರಿಸಿದರೆ ಎರಡೂ ಒಂದೇ.

ನೆಟ್‌ವರ್ಕ್ ಕಿಟಕಿಯಲ್ಲಿ ಯಂತ್ರಗಳ ಪಟ್ಟಿ ಕಾಣುವುದಿಲ್ಲ ಅಂತ ಸಾಹೇಬರು ದೂರುತ್ತಾರೆ, ನೋಡುತ್ತಿರು. ಪಟ್ಟಿ ಕಾಣುವುದೇ ಬೇರೆ, ಹೆಸರು ಸಿಗುವುದೇ ಬೇರೆ. ವಿಪಿಎನ್ ಆಚೆಯಿಂದ ಪಟ್ಟಿ ನಿರೀಕ್ಷಿಸಬೇಡಿ ಅಂತ ಮೊದಲೇ ಹೇಳಿಬಿಡು. ಇನ್ನು ಆ ಎಕ್ಸ್‌ಪಿಗೆ ಫೈಲ್ ಶೇರಿಂಗಿನಲ್ಲಿ ಎಸ್ಎಂಬಿ 1 ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. 2017ರ ಕೊನೆಗೆ ಬಂದ ವಿಂಡೋಸ್ 10ರ 1709ರಿಂದ ಹೊಸ ಇನ್‌ಸ್ಟಾಲುಗಳಲ್ಲಿ ಆ ಭಾಷೆಯನ್ನು ತೆಗೆಯುತ್ತ ಬಂದಿದ್ದಾರೆ. ಹೆಸರು ಸಿಕ್ಕರೂ ಮಾತು ಬೆಳೆಯುವುದಿಲ್ಲ. "ಅದನ್ನ ಆನ್ ಮಾಡಿಬಿಡ್ರಿ" ಅಂತ ಸಲಹೆ ಕೊಡುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಅದೇ ವರ್ಷ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ರಾನ್ಸಮ್‌ವೇರ್ ಹಬ್ಬಿದ್ದು ಎಸ್ಎಂಬಿ 1ರ ತೂತಿನಿಂದ. ಪ್ರಿಂಟರ್ ಹಾಳಾದರೆ ಹಾಳಾಗಲಿ, ಆನ್ ಮಾಡಬೇಡ.

ಈಗ ನಿನ್ನ ರಾತ್ರಿಯ ಯಂತ್ರ. ಅದು ಯಾವ ವಿಂಡೋಸ್, ಮನೆಯ ರೂಟರಿನ ನಂಬರ್ ಏನು, ಎನ್ಎಸ್‌ಲುಕಪ್ಪಿನ ಮೊದಲ ಎರಡು ಸಾಲು ಏನು, ಮೂರನ್ನೂ ಫೋಟೋ ಹೊಡೆದು ವಾಟ್ಸಾಪಿಗೆ ಹಾಕು. ಒಂಬತ್ತರೊಳಗೆ ಹಾಕು ಮಾರಾಯ. ಹನ್ನೊಂದಕ್ಕೆ ಫೋನ್ ಬಂದರೆ ನನಗಿಂತ ಮೊದಲು ನಿಮ್ಮ ಕಾಕು ಎತ್ತುತ್ತಾಳೆ.