ಮನೆಯಲ್ಲೇ ಶಿಶುಪಾಲನಾ ಕೇಂದ್ರ: ಪರೀಕ್ಷೆಗೆ ಬೇಕಾದ ಮುಖ್ಯಾಂಶಗಳು (ಬ್ಯಾಕೋಡು ಸೀಮೆಯ ಉದಾಹರಣೆಯೊಂದಿಗೆ)

ಊರು ಮತ್ತು ಬೇಡಿಕೆ

• ಬ್ಯಾಕೋಡು ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಊರು, ಶರಾವತಿ ಹಿನ್ನೀರಿನ ಆಚೆ ದಡ. ಈ ಹಿನ್ನೀರು ನಿಲ್ಲಿಸಿದ ಲಿಂಗನಮಕ್ಕಿ ಅಣೆಕಟ್ಟು: 1964. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ: 14 ಜುಲೈ 2025. ಅಲ್ಲಿಯವರೆಗೆ ಸಾಗರಕ್ಕೆ ಹತ್ತಿರದ ದಾರಿ ಎಂದರೆ ಲಾಂಚ್. ಈಗ ಪೇಟೆಗೆ ದಿನಾ ಕೆಲಸಕ್ಕೆ ಹೋಗಿ ಬರುವುದು ಸಲೀಸು. ಕೂಸನ್ನು ಯಾರ ಕೈಗೆ ಒಪ್ಪಿಸುವುದು ಎಂಬುದಷ್ಟೇ ಬಾಕಿ.

• ಅಂಗನವಾಡಿ ಇದೆಯಲ್ಲ ಎನ್ನಬಹುದು. ಅಂಗನವಾಡಿ ನಡೆಸುವ ಐಸಿಡಿಎಸ್ ಯೋಜನೆ ಆರಂಭವಾದದ್ದು 2 ಅಕ್ಟೋಬರ್ 1975, ದೇಶದಲ್ಲಿ 33 ಕಡೆ. ಕರ್ನಾಟಕದ ಮೊದಲ ಕೇಂದ್ರ ತಿ. ನರಸೀಪುರ. ಅಂಗನವಾಡಿಯಲ್ಲಿ ಕೂತು ಕಲಿಯುವವರು 3ರಿಂದ 6 ವರ್ಷದವರು. ಅದಕ್ಕಿಂತ ಚಿಕ್ಕವರಿಗೆ ಸಿಗುವುದು ಪೌಷ್ಟಿಕ ಆಹಾರ, ದಿನವಿಡೀ ಆರೈಕೆಯಲ್ಲ. ಮನೆ ಕೇಂದ್ರಕ್ಕೆ ಜಾಗ ಇರುವುದು ಈ 3 ವರ್ಷದೊಳಗಿನ ಬಿಡುವಿನಲ್ಲೇ.

• ಬೇಡಿಕೆ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಮಳೆಗಾಲದಲ್ಲಿ ಗದ್ದೆ ನಾಟಿ, ಆಮೇಲೆ ಅಡಿಕೆ ಕೊಯ್ಲು, ಸುಲಿತ. ಸುಲಿಯುವ ಕೆಲಸ ರಾತ್ರಿಯವರೆಗೂ ಎಳೆಯುತ್ತದೆ. ಬೆಳಗ್ಗೆ ಒಂಬತ್ತೂವರೆಗೆ ತೆಗೆದು ಸಂಜೆ ಐದಕ್ಕೆ ಬಾಗಿಲು ಹಾಕುವ ಕೇಂದ್ರ ಹಂಗಾಮಿನಲ್ಲಿ ಯಾರಿಗೂ ಉಪಯೋಗವಿಲ್ಲ. ವೇಳಾಪಟ್ಟಿ ಬರೆಯುವಾಗ ಮೊದಲು ನೋಡಬೇಕಾದದ್ದು ತೋಟದ ಕೆಲಸ.

ಸರ್ಕಾರದ ಕೇಂದ್ರಗಳು

• ರಾಜೀವ್ ಗಾಂಧಿ ರಾಷ್ಟ್ರೀಯ ಶಿಶುಪಾಲನಾ ಯೋಜನೆ 2006. ರಾಷ್ಟ್ರೀಯ ಶಿಶುಪಾಲನಾ ಯೋಜನೆ 2017. ‘ಪಾಲನಾ’ 2022ರಿಂದ, ಮಿಷನ್ ಶಕ್ತಿ ಅಡಿ. ವಯಸ್ಸು 6 ತಿಂಗಳಿನಿಂದ 6 ವರ್ಷ. ಮಾದರಿ: 25 ಮಕ್ಕಳು, ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ.

• ‘ಕೂಸಿನ ಮನೆ’: ಕರ್ನಾಟಕದ್ದು, 2023–24ರ ಬಜೆಟ್ ಘೋಷಣೆ, ಗುರಿ 4,000 ಗ್ರಾಮ ಪಂಚಾಯಿತಿ. ನರೇಗಾ ಅಡಿ ಶುರುವಾಯಿತು. ಜಾಬ್ ಕಾರ್ಡ್ ಇರುವ ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ಮಕ್ಕಳನ್ನು ನೋಡಿಕೊಳ್ಳುವವರನ್ನಾಗಿ ಮಾಡಿತು. ಇದರ ಬೇರು 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲೇ ಇತ್ತು: ಕೆಲಸದ ಜಾಗಕ್ಕೆ 6 ವರ್ಷದೊಳಗಿನ 5 ಅಥವಾ ಹೆಚ್ಚು ಮಕ್ಕಳು ಬಂದರೆ, ನೋಡಿಕೊಳ್ಳಲು ಒಬ್ಬಾಕೆಯನ್ನು ನೇಮಿಸಿ ಆಕೆಗೂ ಕೂಲಿ ಕೊಡಬೇಕು. ಮಗು ನೋಡಿಕೊಳ್ಳುವುದೂ ಕೂಲಿಗೆ ಅರ್ಹವಾದ ಕೆಲಸ ಎಂದು ಒಪ್ಪಿದ್ದು ದೊಡ್ಡ ಮಾತೇ.

ಕಾಯ್ದೆಗಳು (ಅಂಕ ಹೋಗುವುದು ಇಲ್ಲೇ)

• ಮಾಲೀಕ ಶಿಶುಪಾಲನಾ ಕೇಂದ್ರ ಇಡಲೇಬೇಕಿದ್ದ ಮಿತಿಗಳು. ಕಾರ್ಖಾನೆ ಕಾಯ್ದೆ 1948, ಕಲಂ 48: 30ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರು. ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ 1951, ಕಲಂ 12: 50 ಮಹಿಳೆಯರು ಅಥವಾ 20 ಮಕ್ಕಳು. ಹೆರಿಗೆ ಸೌಲಭ್ಯ ತಿದ್ದುಪಡಿ 2017: 50 ನೌಕರರು, ತಾಯಿ ದಿನಕ್ಕೆ 4 ಸಲ ಮಗುವನ್ನು ನೋಡಬಹುದು. ಮೊದಲೆರಡರಲ್ಲಿ ಮಹಿಳೆಯರ ಲೆಕ್ಕ, ಮೂರನೆಯದರಲ್ಲಿ ಎಲ್ಲ ನೌಕರರ ಲೆಕ್ಕ, ಕಲಸಿಕೊಳ್ಳಬೇಡಿ.

• 21 ನವೆಂಬರ್ 2025ರಿಂದ ಕಾರ್ಮಿಕ ಸಂಹಿತೆಗಳು ಜಾರಿಯಾಗಿ ಈ ಮೂರೂ ಅವುಗಳಲ್ಲಿ ಸೇರಿಹೋಗಿವೆ. ಸಾಮಾಜಿಕ ಭದ್ರತಾ ಸಂಹಿತೆ 2020, ಕಲಂ 67: ಮಿತಿ 50.

• ಇಷ್ಟೂ ಕಾನೂನು ಮಾಲೀಕನನ್ನು ಹಿಡಿದು ಬರೆದವು. ನಾಲ್ಕಾರು ಆಳುಗಳ ಅಡಿಕೆ ತೋಟವಿರುವ ಸೀಮೆಯಲ್ಲಿ ಒಬ್ಬನೇ ಮಾಲೀಕನ ಕೆಳಗೆ 50 ಜನ ಎಲ್ಲಿಂದ ಬರಬೇಕು? ಮನೆ ಕೇಂದ್ರ ಬೇಕಾಗುವುದು ಇದಕ್ಕೇ.

ಹಣ

• ಉದ್ಯೋಗಿನಿ (ಮಹಿಳಾ ಅಭಿವೃದ್ಧಿ ನಿಗಮ): ಘಟಕ ವೆಚ್ಚ ಗರಿಷ್ಠ 3 ಲಕ್ಷ ರೂ.; ಪರಿಶಿಷ್ಟರಿಗೆ ಶೇ. 50, ಇತರರಿಗೆ ಶೇ. 30 (ಗರಿಷ್ಠ 90,000) ಸಹಾಯಧನ. ಇದರ 88 ಉದ್ಯೋಗಗಳ ಪಟ್ಟಿಯಲ್ಲಿ ಶಿಶುಪಾಲನಾ ಕೇಂದ್ರವೂ ಇದೆ. ಬ್ಯಾಂಕಿನವರಿಗೆ ಇದನ್ನು ತೋರಿಸಿಯೇ ಮಾತು ಶುರು ಮಾಡಬೇಕು.

• ಪಿಎಂಇಜಿಪಿ: ಸೇವಾ ಘಟಕಕ್ಕೆ 20 ಲಕ್ಷದವರೆಗೆ, ಹಳ್ಳಿಯ ಮಹಿಳೆಗೆ ಶೇ. 35 ಸಹಾಯಧನ, ಸ್ವಂತ ಹಣ ಶೇ. 5. ಬೇರೆ ಸರ್ಕಾರಿ ಸಹಾಯಧನ ಪಡೆದ ಘಟಕಕ್ಕೆ ಇಲ್ಲ. ಮುದ್ರಾ ಶಿಶು: 50,000ದವರೆಗೆ ಸಾಲ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ.

ಮನೆ, ಅಂಗಳ

• 2018ರ ಕೇಂದ್ರ ಸರ್ಕಾರದ ಮಾರ್ಗಸೂಚಿ ದೊಡ್ಡ ಸಂಸ್ಥೆಗಳಿಗೆ ಬರೆದದ್ದು. ಆದರೂ ಅಳತೆಗೋಲಾಗಿ ಒಳ್ಳೆಯದು. ಮಗುವೊಂದಕ್ಕೆ 10–12 ಚದರಡಿ. 3 ವರ್ಷದೊಳಗಿನ 10 ಮಕ್ಕಳಿಗೆ, ಮೇಲಿನ 20 ಮಕ್ಕಳಿಗೆ ಒಬ್ಬೊಬ್ಬರು. ನಡೆಯಲು ಬಾರದ 10 ಕೂಸುಗಳನ್ನು ಒಬ್ಬಳೇ ನಿಭಾಯಿಸುವುದು ಕಾಗದದ ಲೆಕ್ಕ. ಐದಕ್ಕೇ ನಿಲ್ಲಿಸುವುದು ಮೇಲು.

• ಮಲೆನಾಡಿನ ಮನೆಯಲ್ಲಿ ಮಾರ್ಗಸೂಚಿ ಹೇಳದ ಅಪಾಯಗಳಿವೆ: ಕಟ್ಟೆ ಇಲ್ಲದ ಬಾವಿ, ತೋಟದ ಹೊಂಡ, ಬಚ್ಚಲ ಹಂಡೆಯ ಬಿಸಿನೀರು, ಪಾಚಿ ಹಿಡಿದ ಅಂಗಳ, ಕೈಗೆಟಕುವ ತೋಟದ ಔಷಧಿ ಡಬ್ಬಿ.

• ಮಂಗನ ಕಾಯಿಲೆ (ಕೆಎಫ್‌ಡಿ): 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆ, 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದವು. ಹರಡುವುದು ಉಣುಗಿನಿಂದ, ಹೆಚ್ಚಾಗಿ ಒಣ ತಿಂಗಳುಗಳಲ್ಲಿ. ಕೊಟ್ಟಿಗೆಗೆಂದು ಕಾಡಿನಿಂದ ತಂದ ತರಗೆಲೆ ಮಕ್ಕಳು ಆಡುವ ಜಾಗದಲ್ಲಿ ಬೀಳಬಾರದು. ಹತ್ತಿರ ಮಂಗ ಸತ್ತಿದ್ದರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು.

• ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ: ಮಕ್ಕಳ ಸಹಾಯವಾಣಿ 1098, ತುರ್ತು 112. ಪಕ್ಕದಲ್ಲಿ, ಮಗುವನ್ನು ಕರೆದೊಯ್ಯಲು ಬರಬಹುದಾದವರ ಹೆಸರು, ತಾಯಿಯ ಸಹಿಯೊಂದಿಗೆ.